ಜೂನ್ ಒಂದರ ಸುಳ್ಳು

ನನ್ನ ಹುಟ್ಟುಹಬ್ಬವನ್ನು ತಪ್ಪದೆ ನೆನಪಿಡುವವರು ಅಮೆರಿಕದ ಜರ್ಸಿ ಸಿಟಿಯ ನಮ್ಮ ಹಲ್ಲಿನ ಡಾಕ್ಟರೊಬ್ಬರೇ. ಪ್ರತಿ ಜೂನ್ ಒಂದಕ್ಕೆ, ನಗುವ ಹಲ್ಲಿನ ಚಿತ್ರವಿರುವ ಅವರ ಕಾರ್ಡು ಬರುತ್ತದೆ; ನಾನದನ್ನು ಕಳ್ಳನಂತೆ ಕಸದ ಬುಟ್ಟಿಗೆ ಸೇರಿಸುತ್ತಿದ್ದೆ. ಏಕೆಂದರೆ, ಓದುಗ ಮಹಾಶಯರೇ, ನಾನು ಆ ದಿನ ಹುಟ್ಟಿದವನಲ್ಲ. ನಮ್ಮ ವಂಶದಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಜನ್ಮದಿನಾಂಕ ಕೇಳಿದ ಹೆಡ್‌ಮೇಷ್ಟ್ರಿಗೆ ಅವ್ವ, "ಹುರುಳಿ ಕೀಳೋ ವಾರ, ಸ್ವಾಮಿ" ಎಂದಿದ್ದಳು. ರಿಜಿಸ್ಟರಿನಲ್ಲಿ ಹುರುಳಿಗೆ ಕಾಲಂ ಇರಲಿಲ್ಲ. ಮೇಷ್ಟ್ರು ಶಾಲೆ ತೆರೆದ ದಿನವನ್ನೇ ಬರೆದುಕೊಂಡರು. ಆ ವರ್ಷ ಸೇರಿದ ಹದಿನೇಳು ಮಕ್ಕಳು ಏಕಕಾಲಕ್ಕೆ ಜನ್ಮ ತಾಳಿದೆವು.

ಎಪ್ಪತ್ತೆರಡರಲ್ಲಿ ಗ್ರೀನ್ ಕಾರ್ಡಿನ ಸಂದರ್ಶನಕ್ಕೆ ಕರೆ ಬರದಿದ್ದರೆ ಇದು ತಮಾಷೆಯಾಗಿಯೇ ಉಳಿಯುತ್ತಿತ್ತು. ಬಲಗೈ ಎತ್ತಿ ಪ್ರಮಾಣ ಮಾಡಬೇಕಂತೆ, ಸುಳ್ಳಾಡಿದವರನ್ನು ವಾಪಸ್ಸು ವಿಮಾನ ಹತ್ತಿಸುತ್ತಾರಂತೆ. ಸಾಲದ್ದಕ್ಕೆ, ಹಳೆಯ ಇಂಗ್ಲಿಷಿನಲ್ಲಿ ಸುಳ್ಳಾಡುವುದನ್ನು 'ಲೀಸಿಂಗ್' ಎನ್ನುತ್ತಿದ್ದರೆಂದು ನಮ್ಮ ಬಾಡಿಗೆ ಮನೆಯ ಒಡತಿ, ಅಮೆರಿಕನ್ ಅಜ್ಜಿ, ಯಾವುದೋ ಮಾತಿಗೆ ಹೇಳಿದರು. ಬಾಡಿಗೆ ಪತ್ರದ ಲೀಸಿಗೂ ಅದಕ್ಕೂ ನಂಟಿಲ್ಲ. ಲೈಬ್ರರಿಯ ದಪ್ಪ ನಿಘಂಟು ತೆರೆದೆ: ಮೂಲದಲ್ಲಿ ಆ ಶಬ್ದದ ಅರ್ಥ ಬರಿದು, ಇಲ್ಲದ್ದು, 'ಹೋಮ್‌ಲೆಸ್' ಎಂಬುದರ ಬಾಲದ 'ಲೆಸ್' ಕೂಡ ಅದೇ ಬೇರಿನದು. ಮನೆಯಿಲ್ಲದವನು! ನಿಘಂಟು ನನ್ನನ್ನೇ ದಿಟ್ಟಿಸಿದಂತಾಯಿತು.

"ಸುಮ್ನೆ ಜೂನ್ ಒಂದು ಅಂದ್ಬಿಡ್ರೀ. ಅವನೇನು ಊರಿಗೆ ಹೋಗಿ ನಿಮ್ಮವ್ವನ್ನ ಕೇಳ್ತಾನಾ?" ಎಂದಳು ಹೆಂಡತಿ.

ಹಾಗೆಯೇ ಅನ್ನಬೇಕೆಂದು ಹೊರಟವನು ನಾನು. ಆದರೆ ಬಲಗೈ ಎತ್ತಿದ್ದೇ ತಡ, ಬಾಯಿ ನನ್ನ ಮಾತು ಕೇಳಲಿಲ್ಲ. ಹುರುಳಿ, ಅವ್ವ, ಮೇಷ್ಟ್ರು ಎಲ್ಲ ಹೊರಬಿದ್ದರು. ಅಧಿಕಾರಿ ಪೆನ್ನು ಕೆಳಗಿಟ್ಟ. ಕಷ್ಟಪಟ್ಟು ಗಳಿಸಿದ ಡಿಗ್ರಿ, ಕೆಲಸ, ಹೊರಗೆ ಬೆಂಚಿನ ಮೇಲೆ ಕೂತ ಹೆಂಡತಿ, ಎಲ್ಲವೂ ಆ ಪೆನ್ನಿನ ಪಕ್ಕದಲ್ಲೇ ಬಿದ್ದಿದ್ದವು.

"ಹಾಗಾದರೆ ಈ ಜಾಗ ಖಾಲಿ ಬಿಡಲೇ?" ಎಂದು ಕೇಳಿದ.

ಖಾಲಿ! ನಿಘಂಟಿನ ಅದೇ ಅರ್ಥ. "ಬೇಡ ಸರ್, ಅವತ್ತು ನಾನು ಶಾಲೆಗೆ ಸೇರಿದೆ. ಅದಂತೂ ನಿಜ," ಎಂದು ತೊದಲಿದೆ.

ಆತ ನನ್ನನ್ನೊಮ್ಮೆ ನೋಡಿ, ಪೆನ್ನು ಮತ್ತೆ ಕೈಗೆತ್ತಿಕೊಂಡ. ಕೊನೆಗೆ, "ನಿಮ್ಮ ದೇಶದವರಲ್ಲಿ ಈ ವಾರ ಇದು ಮೂರನೆಯ ಜೂನ್ ಒಂದು" ಎಂದು ಗೊಣಗಿ ಮೊಹರು ಒತ್ತಿದ.

ಈ ವರ್ಷವೂ ಕಾರ್ಡು ಬಂತು. ಆದರೆ ಕಸಕ್ಕೆ ಹಾಕಲಿಲ್ಲ. ಹಿಂಬದಿಯ ಖಾಲಿ ಜಾಗದಲ್ಲಿ ಕ್ಷೇಮಸಮಾಚಾರ ಬರೆದು, ನಗುವ ಹಲ್ಲಿನ ಸಮೇತ, ನನ್ನನ್ನು ಹುಟ್ಟಿಸಿದ ಮೇಷ್ಟ್ರಿಗೆ ಅಂಚೆಗೆ ಹಾಕಿದೆ.