ಕೇಳಿ ಬರುತ್ತಿದ್ದ ದೆವ್ವ

ಇಂದು ಬ್ಯಾಡಗಿಯಲ್ಲಿ ಬಸ್ಸು ಬದಲಿಸಲು ಇಳಿದಾಗ ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯಿತು. ಸೀನುತ್ತಲೇ ಅಕ್ಕನನ್ನು ನೆನೆದೆ.

ಹತ್ತನೆಯ ತರಗತಿಯ ನಂತರ ಅಪ್ಪ ಅವಳನ್ನು ಓದಿಸಲಿಲ್ಲ. ಮದುವೆ ಗೊತ್ತಾಗುವತನಕ ಅವಳು ಹೊಸ್ತಿಲು ದಾಟುವಂತಿರಲಿಲ್ಲ. ಪಡಸಾಲೆಯಲ್ಲಿ ನಾನು, ಅಜ್ಜಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರೆ, ಗೆಳತಿ ಕದ್ದು ತಂದುಕೊಟ್ಟ ಕಾದಂಬರಿಯನ್ನು ಅಕ್ಕ ಮೆಲ್ಲಗೆ ಓದಿ ಹೇಳುತ್ತಿದ್ದಳು. ಸತ್ತ ತರುಣನೊಬ್ಬ ಗೋಡೆ ದಾಟಿ ಬಂದು ಹುಡುಗಿಯನ್ನು ಪ್ರೀತಿಸುವ ಕಥೆ.

"ದೆವ್ವ ಅಂದ್ರ ನಿನಗ ಹೆದರಿಕಿ ಬರಂಗಿಲ್ಲೇನು?" ಎಂದೆ.

"ಗ್ವಾಡಿ ದಾಟಿ ಬರಾಂವನೂ 'ಬರ್ಲೇನು' ಅಂತ ಆಕೀನ್ನ ಕೇಳ್ತಾನ. ಜೀವಂತ ಇದ್ದವರು ನನ್ನ ಯಾರು ಕೇಳ್ಯಾರ?" ಎಂದಳು ಅಕ್ಕ.

ರಾಣೆಬೆನ್ನೂರಿನ ಗಂಡಿನವರು ಬಂದು ಒಪ್ಪಿದ ದಿನ ಅಜ್ಜಿ ಎಲ್ಲರೆದುರೇ ಅಪ್ಪನಿಗೆ, "ಹುಡುಗೀನ್ನ ಕೇಳೀಯೇನೋ?" ಎಂದಳು.

"ಆಕೀನ್ನ ಏನ್ ಕೇಳೂದೈತಿ? ನೀ ಸುಮ್ನಿರಬೇ ಯವ್ವಾ," ಎಂದರು ಅಪ್ಪ.

ಆ ಬೇಸಿಗೆಯಲ್ಲೇ ಅಕ್ಕನ ಮದುವೆಯಾಯಿತು. ಕಾದಂಬರಿ ಅರ್ಧಕ್ಕೇ ಉಳಿಯಿತು.

ಈಗ ಅವಳ ಮನೆಗೇ ಹೊರಟಿದ್ದೇನೆ. ಅವಳ ಮಗಳನ್ನು ನೋಡಲು ಇಂದು ಗಂಡಿನವರು ಬರುವವರಿದ್ದರು. ಬಸ್ಸು ಹತ್ತುತ್ತಿದ್ದಂತೆ ಅಕ್ಕನ ಫೋನು ಬಂತು:

"ಹುಡುಗಿ ಒಲ್ಲೆ ಅಂದ್ಲು. ಬರಬ್ಯಾಡ್ರಿ ಅಂತ ಅವರಿಗೆ ನಾನ ಹೇಳೇನಿ. ಮನ್ಯಾಗ ಎಲ್ಲಾರೂ ಸಿಟ್ಟಾಗ್ಯಾರ. ನೀ ಲಗೂ ಬಾ."