ಹಿಡಿಂಬೆಯನ್ನು ಅಳಲು ಬಿಡದ ಅಕ್ಕ

ಹೋದ ವಾರ ಮಣಿಪಾಲದ ಜೆರಾಕ್ಸ್ ಅಂಗಡಿಯಲ್ಲಿ ನನ್ನ ಹೊಸ ಕಾದಂಬರಿಯ ಪ್ರಿಂಟ್ ತೆಗೆಸಿದೆ. ಹೊರಬಂದ ಹಾಳೆಗಳು ಇನ್ನೂ ಬಿಸಿಯಾಗಿದ್ದವು. ಆ ಬೆಚ್ಚಗಿನ ಕಾಗದದ ವಾಸನೆ ಮೂಗಿಗೆ ತಾಗಿದ್ದೇ ತಡ, ಕಡಿಯಾಳಿಯ ಡಿಟಿಪಿ ಅಕ್ಕ ನೆನಪಾದರು...

ಹದಿನೈದು ವರ್ಷದ ಹಿಂದಿನ ಮಾತು. ನಾನಾಗ ಅಲೆವೂರಿನಲ್ಲಿದ್ದುಕೊಂಡು ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೆ. ರಜೆಯಲ್ಲಿ ಕೂತು ಹಿಡಿಂಬೆಯ ಕಥೆಯನ್ನು ಕಾದಂಬರಿಯಾಗಿ ಬರೆದಿದ್ದೆ. ಭೀಮ ಕಾಡಿನಲ್ಲಿ ಬಿಟ್ಟುಹೋದ ಹೆಂಡತಿಯ ಮನಸ್ಸನ್ನು ಇಂದಿನವರಿಗೆ ತಾಗುವಂತೆ ಹೇಳಬೇಕೆಂಬ ಹುಮ್ಮಸ್ಸು. ಪ್ರಕಾಶಕರು ಹತ್ತೇ ದಿನದ ಗಡುವು ಕೊಟ್ಟಿದ್ದರು. ತಪ್ಪಿದರೆ ಆ ವರ್ಷ ಪುಸ್ತಕವಿಲ್ಲ. ಟೈಪ್ ಮಾಡಿಸಲು ಹಸ್ತಪ್ರತಿಯನ್ನು ಅಕ್ಕನಿಗೆ ಕೊಟ್ಟೆ.

ಅಕ್ಕನದು ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿ. ಆ ಕಡೆಯ ಮದುವೆ ಕಾಗದ, ಪೂಜೆಯ ಆಮಂತ್ರಣ ಎಲ್ಲವೂ ಅವರ ಬೆರಳಿನಿಂದಲೇ ಹೊರಡುತ್ತಿದ್ದವು. ಗಂಡ ದುಬೈಯಲ್ಲಿ. ಮಗಳನ್ನು ಒಬ್ಬರೇ ಬೆಳೆಸುತ್ತಿದ್ದರು. ನಗು ಬಂದರೆ ಅವರ ಜೊತೆ ಕುರ್ಚಿಯೂ ಕಿರುಗುಟ್ಟುತ್ತಿತ್ತು.

ಆರನೆಯ ಅಧ್ಯಾಯಕ್ಕೆ ಬಂದಾಗ ಅವರ ಕೈ ನಿಂತಿತು.

“ಮಾಷ್ಟ್ರೇ, ಇದನ್ನು ಟೈಪ್ ಮಾಡ್ಲಿಕ್ಕೆ ಆಗುವುದಿಲ್ಲ.”

“ನನ್ನ ಅಕ್ಷರ ಗೊತ್ತಾಗುವುದಿಲ್ವಾ ಅಕ್ಕ?”

“ಅಕ್ಷರ ಚಂದ ಉಂಟು. ಹಿಡಿಂಬೆ ಹನ್ನೆರಡು ಪುಟ ಮರದಡಿ ನಿಂತು ಅಳ್ತಾಳಲ್ಲ, ಅಷ್ಟು ಹೊತ್ತು ಮಗು ಯಾರ ಹತ್ರ ಉಂಟು ಮಾರಾಯ್ರೆ?”

ನನಗೆ ಸಿಟ್ಟು ನೆತ್ತಿಗೇರಿತು. ಹಸ್ತಪ್ರತಿ ಎತ್ತಿಕೊಂಡು ಬಸ್ಸು ಹತ್ತಿದೆ. ಸೀಟಿನಲ್ಲಿ ಕೂತು ಆ ಹನ್ನೆರಡು ಪುಟ ಓದಿದೆ. ಘಟೋತ್ಕಚ ಎಲ್ಲೂ ಇರಲಿಲ್ಲ! ಹುಟ್ಟಿಸಿದ್ದೇನೋ ಹುಟ್ಟಿಸಿದ್ದೆ, ಆಮೇಲೆ ಮರೆತೇಬಿಟ್ಟಿದ್ದೆ. ಅಲೆವೂರು ತಲುಪುವಾಗ ಒಬ್ಬನೇ ನಗುತ್ತಿದ್ದೆ.

ಮರುದಿನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. “ಬರ್ತೀರಿ ಅಂತ ಗೊತ್ತಿತ್ತು” ಎಂದು ಅಕ್ಕ ಪ್ಲಾಸ್ಟಿಕ್ ಸ್ಟೂಲು ನನ್ನತ್ತ ತಳ್ಳಿದರು. ನಾಲ್ಕು ದಿನ ಅದರ ಮೇಲೆ ಕೂತೆ. ನಾನು ಒಂದು ವಾಕ್ಯ ಹೇಳುವುದು, ಅವರು ತಲೆ ಅಲ್ಲಾಡಿಸುವುದು. ಹಿಡಿಂಬೆ ಗೆಡ್ಡೆ ಅಗೆದಳು, ಮರದ ತುದಿಯಿಂದ ಇಳಿಯದ ಮಗನಿಗೆ ಬೈದಳು, ಅವನು ತಿಂದು ಮುಗಿಸುವಷ್ಟು ಬೇಯಿಸಿ ಸುಸ್ತಾದಳು. ಮದುವೆ ಕಾಗದ ಮಾಡಿಸಲು ಬಂದ ಹೆಂಗಸೊಬ್ಬರು, “ರಾಕ್ಷಸರ ಮಗು ಅಲ್ವಾ, ನಾಲ್ಕು ಬಂಗುಡೆ ಹೆಚ್ಚು ಹಾಕಿ” ಎಂದರು. ಕಾಡಿನಲ್ಲಿ ಸಮುದ್ರದ ಮೀನು ಎಲ್ಲಿಂದ ತರುವುದು? ಅಂಗಡಿಯೆಲ್ಲ ನಗು.

ಆದರೆ ವರ್ಷಗಳ ನಂತರ ಭೀಮ ಬಂದು ಎದುರು ನಿಂತಾಗ ಹಿಡಿಂಬೆ ಏನು ಹೇಳಬೇಕು? ಬರೆದ ಸಾಲುಗಳನ್ನೆಲ್ಲ ನಾನೇ ಹೊಡೆದುಹಾಕಿದೆ. ಅಕ್ಕ ಕೀಬೋರ್ಡಿನಿಂದ ಕೈ ತೆಗೆದು ನನ್ನತ್ತ ತಿರುಗಿದರು.

“ನಮ್ಮವರು ಎರಡು ವರ್ಷಕ್ಕೊಮ್ಮೆ ಬರುವಾಗ ನಾನು ಬಾಗಿಲಲ್ಲಿ ಅಳುವುದಿಲ್ಲ. ಊಟ ಆಯ್ತಾ ಅಂತ ಕೇಳ್ತೇನೆ. ಅಳುವುದೆಲ್ಲ ಆಮೇಲೆ, ಪಾತ್ರೆ ತೊಳೆಯುವಾಗ.”

ನನ್ನ ಹಿಡಿಂಬೆಯೂ ಅದನ್ನೇ ಕೇಳಿದಳು.

ಗಡುವಿನ ಕೊನೆಯ ದಿನ ಹಸ್ತಪ್ರತಿ ಹೋಯಿತು, ಪುಸ್ತಕ ಬಂತು. ಓದುಗರ ಪತ್ರಗಳಲ್ಲೆಲ್ಲ ಅದೊಂದೇ ಮಾತು: ‘ಊಟ ಆಯ್ತಾ’. ಕಾರ್ಕಳದ ಸಭೆಯೊಂದರಲ್ಲಿ ಹೆಂಗಸೊಬ್ಬರು ಆ ಪುಟ ಓದಿದಾಗ ಜನ ಮೊದಲು ನಕ್ಕರು, ಆಮೇಲೆ ಇನ್ನೊಮ್ಮೆ ಓದಿ ಎಂದರು. ಎರಡನೆಯ ಮುದ್ರಣದಲ್ಲಿ ಹೆಸರು ಹಾಕುತ್ತೇನೆಂದರೆ ಅಕ್ಕ ಒಪ್ಪಲಿಲ್ಲ. “ನನ್ನ ಹೆಸರು ಎಂತಕ್ಕೆ? ಕಾಗುಣಿತ ತಪ್ಪಿದ್ರೆ ಮಾತ್ರ ನನ್ನನ್ನು ಹೇಳಿ” ಎಂದರು. ಆದರೆ ಕಾರ್ಡು ಮಾಡಿಸಲು ಬಂದವರ ಕೈಗೆಲ್ಲ ಪುಸ್ತಕ ಹಿಡಿಸಿ, ಓದದೆ ಹೋಗುವಂತಿಲ್ಲ ಎಂದು ದಬಾಯಿಸುತ್ತಿದ್ದರು.

ಆಮೇಲಿನ ಮೂರು ಕಾದಂಬರಿಗಳೂ ಅವರೊಂದಿಗೆ ಜಗಳವಾಡಿಯೇ ಮುಗಿದವು. ಹೋದ ವರ್ಷ ಅಕ್ಕ ತೀರಿಕೊಂಡರು...

ಈಗಿನದು ಮಂಡೋದರಿಯ ಕಥೆ. ಲ್ಯಾಪ್‌ಟಾಪಿನಲ್ಲಿ ನಾನೇ ಟೈಪ್ ಮಾಡಿದೆ. ನಿನ್ನೆ ಪ್ರಕಾಶಕರು ಫೋನ್ ಮಾಡಿ, ಒಂದು ಸಾಲೂ ತಿದ್ದುವುದಕ್ಕಿಲ್ಲ, ನೇರ ಅಚ್ಚಿಗೆ ಕಳಿಸುತ್ತೇವೆ ಎಂದರು. ಎರಡು ದಿನ ತಡೆಯಿರಿ ಎಂದೆ. ಬೆಳಗಿನಿಂದ ಒಂದೊಂದೇ ಪುಟ ತಿರುವುತ್ತಿದ್ದೇನೆ. ಅಕ್ಕ ಓದಿದ್ದರೆ ಎಲ್ಲೋ ಒಂದು ಕಡೆ ನನ್ನನ್ನು ಹಿಡಿದುಹಾಕುತ್ತಿದ್ದರು, ಅದು ಖಂಡಿತ. ಎಲ್ಲಿ ಎಂಬುದು ಮಾತ್ರ ನನಗೆ ಕಾಣುತ್ತಿಲ್ಲ.