ಷರಾ ಓದುವ ಸೀಟಕ್ಕ

ಬೆಳಗಿನ ಜಾವ ಐದೂಕಾಲು. ವಿಮಾನ ಕಂಪನಿಯ ಕಚೇರಿಯ ಮೂರನೇ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರಡಿಯಲ್ಲಿ ಶಾಲು ಹೊದ್ದ ಹೆಂಗಸೊಬ್ಬರು ಕಂಪ್ಯೂಟರ್ ಪರದೆಗೆ ಮುಖ ತಂದು, ತುಟಿ ಅಲುಗಿಸುತ್ತಾ ಸಾಲು ಎಣಿಸುತ್ತಿದ್ದಾರೆ. ಪರದೆಯ ಮೇಲೆ ವಿಮಾನದ ಒಳಗಿನ ನಕ್ಷೆ: ಹಸಿರು ಚೌಕ ಖಾಲಿ, ಕೆಂಪು ಚೌಕ ಭರ್ತಿ.

"ನೋಡಿ ಇಲ್ಲಿ, ಅಮ್ಮ ಏಳನೇ ಸಾಲಲ್ಲಿ, ಮಗು ಇಪ್ಪತ್ತೆರಡರಲ್ಲಿ. ಮಗೂಗೆ ನಾಲ್ಕೇ ವರ್ಷ. ಯಂತ್ರಕ್ಕೆ ಹೆತ್ತ ಹೊಟ್ಟೆ ಎಲ್ಲಿಂದ ಬರ್ಬೇಕು?" ಎನ್ನುತ್ತಾ ತಾಯಿಯ ಪಕ್ಕದಲ್ಲಿದ್ದ ಒಂಟಿ ಪ್ರಯಾಣಿಕನನ್ನು ಹನ್ನೊಂದನೇ ಸಾಲಿಗೆ ಸರಿಸುತ್ತಾರೆ. "ಅವರಿಗೂ ಮೋಸ ಮಾಡಿಲ್ಲ. ನಡುವಿನ ಸೀಟು ಬಿಡಿಸಿ ಕಿಟಕಿ ಕೊಟ್ಟಿದೀನಿ."

ಕಚೇರಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಸೀಟಕ್ಕ ಎಂದು. ದಿನಕ್ಕೆ ನಲವತ್ತು ವಿಮಾನ, ಆರು ಸಾವಿರ ಚಿಲ್ಲರೆ ಸೀಟು ಇವರ ಕಣ್ಣ ಮುಂದೆ ಹಾಯುತ್ತವೆ. ಹೆಚ್ಚಿನದನ್ನು ಯಂತ್ರವೇ ಹಂಚುತ್ತದೆ. ಅದು ಎಡವಿದ ಕಡೆ ಕೈಹಾಕುವುದು ಇವರ ಕೆಲಸ. ದಿನಕ್ಕೆ ಎಪ್ಪತ್ತು ಎಂಬತ್ತು ಅಂಥವು ಸಿಗುತ್ತವೆ. "ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಟಿಕೆಟ್ ಇದ್ದೂ ಸೀಟು ಸಿಗದವರಿಗೆಲ್ಲ ಆ ಪೂಜಾರಿ ನಾನೇ" ಎಂದು ನಗುತ್ತಾರೆ.

ಇಪ್ಪತ್ತೇಳು ವರ್ಷದ ಹಿಂದೆ ಸೇರಿದಾಗ ಕಂಪ್ಯೂಟರ್ ನಕ್ಷೆ ಇರಲಿಲ್ಲ. ದೊಡ್ಡ ಹಾಳೆಯ ಮೇಲೆ ಸೀಟಿನ ಅಂಕಿ ಬರೆದ ಚೀಟಿಗಳು ಅಂಟಿರುತ್ತಿದ್ದವು; ಪ್ರಯಾಣಿಕ ಬಂದಂತೆ ಒಂದೊಂದನ್ನೇ ಕಿತ್ತು ಅವನ ಬೋರ್ಡಿಂಗ್ ಪಾಸಿಗೆ ಅಂಟಿಸಬೇಕು. ಮನೆಗೆ ಹೋದರೆ ಸೆರಗಿಗೊಂದು ಚೀಟಿ, ಚಪ್ಪಲಿಗೊಂದು ಚೀಟಿ. ಗಡಿಯಾರ ರಿಪೇರಿ ಮಾಡುವ ಗಂಡ ಅವನ್ನು ಬಿಡಿಸುತ್ತಾ, "ಇವತ್ತು ಯಾರನ್ನ ಸೀಟಿಲ್ದೆ ನಿಲ್ಲಿಸಿ ಕಳಿಸಿದೆ?" ಎಂದು ಛೇಡಿಸುತ್ತಿದ್ದರಂತೆ.

ನಾಲ್ಕೂವರೆಗೆ ಪಾಳಿ ಶುರು. ಮಗಳನ್ನು ಬೆಳೆಸಿದ್ದು ಅತ್ತೆ. "ಮಗಳ ಮೊದಲ ಮಾತು ನನ್ನ ಕಿವಿಗೆ ಬೀಳ್ಲಿಲ್ಲ. ಅತ್ತೆ ಮಾತ್ರ ದೊಡ್ಡ ಮನಸ್ಸು ಮಾಡಿ, 'ಅಮ್ಮ ಅಂದ್ಲು ಕಣೇ' ಅಂದ್ರು. ಆಮೇಲೆ ಗೊತ್ತಾಯ್ತು, ಅಂದಿದ್ದು 'ಅಜ್ಜಿ' ಅಂತ." ಹೇಳಿ ಮುಗಿಸಿ, ಕೀಲಿಮಣೆಯ ಧೂಳು ಒರೆಸುತ್ತಾರೆ.

ಆರು ವರ್ಷದ ಹಿಂದಿನ ಒಂದು ಮುಂಜಾನೆಯ ಕಥೆಯನ್ನು ಅವರು ತಾವಾಗಿ ಹೇಳಲಿಲ್ಲ, ಸಹೋದ್ಯೋಗಿಗಳು ಹೇಳಿಸಿದರು. ಆ ದಿನ ದೊಡ್ಡ ವಿಮಾನ ಕೆಟ್ಟು ನಿಂತು, ಬದಲಿಗೆ ಚಿಕ್ಕದು ಬಂತು. ಮೂವತ್ತಾರು ಜನರ ಸೀಟು ಹೋಗಬೇಕು. ಕಡಿಮೆ ದರದ ಟಿಕೆಟಿನವರನ್ನು ಆರಿಸಿ ಯಂತ್ರ ಕ್ಷಣದಲ್ಲಿ ಪಟ್ಟಿ ಕೊಟ್ಟಿತು. ಅದನ್ನು ಮುಂದಕ್ಕೆ ಕಳಿಸಿದ್ದರೆ ಇವರ ಕೆಲಸ ಮುಗಿಯುತ್ತಿತ್ತು. ಆದರೆ ಪ್ರತಿ ಹೆಸರಿನ ಕೆಳಗೂ ಷರಾ ಬರೆಯಲೊಂದು ಜಾಗವಿದೆ. ಯಂತ್ರ ಅದನ್ನು ಓದುವುದಿಲ್ಲ. ಸೀಟಕ್ಕ ಓದುತ್ತಾರೆ.

ಹತ್ತೊಂಬತ್ತನೇ ಹೆಸರಿನ ಕೆಳಗೆ ಟಿಕೆಟ್ ಏಜೆಂಟ್ ಯಾರೋ ಬರೆದಿದ್ದರು: 'ಅಣ್ಣನಿಗೆ ಮೂಳೆ ಮಜ್ಜೆ ಕೊಡಲು ಹೋಗುತ್ತಿದ್ದಾರೆ.'

ಸೀಟಕ್ಕ ಆ ಪ್ರಯಾಣಿಕಳಿಗೆ ಫೋನ್ ಮಾಡಿದರು. ಆ ತಂಗಿ ಆಗಲೇ ವಿಮಾನ ನಿಲ್ದಾಣದ ದಾರಿಯಲ್ಲಿದ್ದಳು. "ನಾಳೆ ಹೋದ್ರೆ ಆಗುತ್ತಾ ಅಂತ ಕೇಳ್ದೆ. 'ಅಣ್ಣನ ಮೈಯಲ್ಲಿದ್ದ ಮಜ್ಜೇನ ಔಷಧಿ ಕೊಟ್ಟು ಆಗಲೇ ಸಾಯಿಸಿದಾರೆ ಮೇಡಂ, ನಾಳೆ ಬೆಳಿಗ್ಗೆ ನಂದನ್ನ ಹಾಕ್ಬೇಕು' ಅಂದ್ಲು. ಕೂಡ್ಲೇ ಪಟ್ಟಿ ಮತ್ತೆ ತೆಗೆದೆ."

ಪಟ್ಟಿ ಬದಲಿಸಲು ಮೇಲಧಿಕಾರಿಯ ಒಪ್ಪಿಗೆ ಬೇಕು. ಅವರು ಆ ಹೊತ್ತಿಗೆ ಇನ್ನೊಂದು ವಿಮಾನದಲ್ಲಿ, ಫೋನಿಗೆ ಸಿಗದಷ್ಟು ಮೇಲಿದ್ದರು. ಒಬ್ಬರ ಬದಲು ಇನ್ನೊಬ್ಬರನ್ನು ಸುಮ್ಮನೆ ಇಳಿಸಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಹಾಗಾಗಿ ಸೀಟು ಉಳಿದಿದ್ದವರಿಗೇ ಒಬ್ಬೊಬ್ಬರಾಗಿ ಫೋನ್ ಮಾಡಿ ಬೇಡತೊಡಗಿದರು. ಹದಿಮೂರು ಜನ ಒಲ್ಲೆ ಎಂದರು, ಅವರಲ್ಲಿ ಇಬ್ಬರು ಬೈದರು. ಹದಿನಾಲ್ಕನೆಯವರು ನಿವೃತ್ತ ಮೇಷ್ಟ್ರು, ಮಗನ ಮನೆಗೆ ಹೊರಟವರು. ಎಲ್ಲ ಕೇಳಿಸಿಕೊಂಡು, "ತಗೊಳ್ಳಮ್ಮ ನನ್ನ ಸೀಟು. ನನ್ನ ಮೊಮ್ಮಕ್ಕಳು ಇನ್ನೊಂದು ದಿನ ಮಗ್ಗಿ ಒಪ್ಪಿಸದೆ ಆರಾಮಾಗಿರ್ಲಿ" ಎಂದರು.

ವಿಮಾನ ಏರಿತು, ತಂಗಿ ತಲುಪಿದಳು. ವಾರದೊಳಗೆ ಸೀಟಕ್ಕನ ಮೇಜಿಗೆ ಎಚ್ಚರಿಕೆ ಪತ್ರ ಬಂತು: ಒಪ್ಪಿಗೆಯಿಲ್ಲದೆ ಪಟ್ಟಿ ಬದಲಿಸಿದ್ದಾರೆ, ಪೂರ್ತಿ ದರ ಕೊಟ್ಟ ಪ್ರಯಾಣಿಕರಿಗೆ ತೊಂದರೆ ಕೊಟ್ಟಿದ್ದಾರೆ. ಆ ವರ್ಷ ಸಿಗಬೇಕಿದ್ದ ಬಡ್ತಿ ತಪ್ಪಿತು. "ಬೇಜಾರಾಗ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಬಚ್ಚಲಮನೆಗೆ ಹೋಗಿ ಅತ್ತುಬಿಟ್ಟೆ. ಅವರು ಹೇಳೋದೂ ಸರಿ, ನಿಯಮ ನಿಯಮಾನೇ. ಆದ್ರೆ ಓದಿದ ಮೇಲೆ ಓದಿಲ್ಲ ಅನ್ನೋಕೆ ಆಗುತ್ತಾ?"

ನಾಲ್ಕು ತಿಂಗಳ ನಂತರ ಆ ತಂಗಿಯ ಫೋನ್ ಬಂತು. "ಅಣ್ಣ ಊಟಕ್ಕೆ ಕೂತಿದಾನೆ, ಮಾತಾಡ್ತೀರಾ?" ಎಂದಳು. ಆ ಕಡೆಯಿಂದ ಬಾಯಿ ತುಂಬ ತುತ್ತು ಇಟ್ಟುಕೊಂಡ ದನಿ. "ಏನಂದ್ರೋ ಒಂದಕ್ಷರ ಅರ್ಥ ಆಗ್ಲಿಲ್ಲ" ಎನ್ನುವಾಗ ಸೀಟಕ್ಕನ ಕಣ್ಣು ತುಂಬಿರುತ್ತದೆ. "'ಮೊದ್ಲು ನುಂಗಪ್ಪ, ಆಮೇಲೆ ಮಾತಾಡು' ಅಂದೆ."

ಈಗ ಹೊಸಬರಿಗೆ ಕೆಲಸ ಕಲಿಸುವುದೂ ಇವರೇ. ಮುಂದಿನ ವರ್ಷ ನಿವೃತ್ತಿ. ಆಮೇಲೇನು ಎಂದರೆ ನಾಚಿಕೊಳ್ಳುತ್ತಾರೆ. ಸಮುದ್ರ ನೋಡಬೇಕೆಂದು ಗಂಡನಿಗೆ ಬಹಳ ದಿನದ ಆಸೆಯಂತೆ.

"ಇಬ್ರೂ ವಿಮಾನದಲ್ಲೇ ಹೋಗಿ ಬರ್ತೀವಿ. ಸೀಟು ಮಾತ್ರ ನಾನು ಮುಟ್ಟಲ್ಲ. ಬೇರೆ ಯಾರಾದ್ರೂ ನಮ್ಮ ಹೆಸರು ನೋಡಿ, 'ಪಾಪ, ಗಂಡ ಹೆಂಡ್ತಿ ಇರ್ಬೇಕು' ಅಂತ ಅಕ್ಕಪಕ್ಕ ಕೂರಿಸ್ಲಿ. ಅಷ್ಟು ಸಾಕು."